ಹಳೆಯ ಮೋಟಾರು ಸೈಕಲ್ಲಿಗೆ ಪೆಟ್ರೋಲ್ ಹೋಸ್: ಆಯ್ಕೆ, ಪರೀಕ್ಷೆ ಮತ್ತು ಮಾರಾಟಗಾರನ ಹೊಣೆ

ಮೈಸೂರಿನ ಯಾದವಗಿರಿಯಲ್ಲಿ 1960ರ ದಶಕದ ಆರಂಭದಲ್ಲಿ ತಲೆಯೆತ್ತಿದ ಐಡಿಯಲ್ ಜಾವಾ ಕಾರ್ಖಾನೆಯು 1996ರಲ್ಲಿ ಉತ್ಪಾದನೆಯನ್ನು ನಿಲ್ಲಿಸಿತು. ಆದರೆ ಅಲ್ಲಿ ತಯಾರಾದ ಜಾವಾ ಮತ್ತು ಯೆಜ್ಡಿ ಮೋಟಾರು ಸೈಕಲ್ಲುಗಳು ಓಡಾಟವನ್ನು ನಿಲ್ಲಿಸಿಲ್ಲ. ಅವುಗಳ ಜೊತೆಗೆ ಹಳೆಯ ಬುಲೆಟ್, ರಾಜದೂತ್, ಆರ್‌ಎಕ್ಸ್ 100 ಮುಂತಾದವುಗಳನ್ನೂ ಸೇರಿಸಿದರೆ ರಾಜ್ಯದ ಪ್ರತಿಯೊಂದು ಜಿಲ್ಲಾ ಕೇಂದ್ರದಲ್ಲಿಯೂ ಇವುಗಳ ಬಿಡಿಭಾಗಗಳನ್ನೇ ನೆಚ್ಚಿಕೊಂಡ ಅಂಗಡಿಗಳು, ಇವುಗಳಿಗೆಂದೇ ಸಣ್ಣಪುಟ್ಟ ಭಾಗಗಳನ್ನು ತಯಾರಿಸುವ ಘಟಕಗಳು ಕಾಣಸಿಗುತ್ತವೆ. ಈ ವ್ಯಾಪಾರದಲ್ಲಿ ಅತ್ಯಂತ ಅಗ್ಗದ, ಅಷ್ಟೇ ಅಲಕ್ಷ್ಯಕ್ಕೆ ಒಳಗಾದ ಸರಕೆಂದರೆ ಟ್ಯಾಂಕಿನ ಕಾಕ್‌ನಿಂದ ಕಾರ್ಬ್ಯುರೇಟರಿಗೆ ಪೆಟ್ರೋಲನ್ನು ಒಯ್ಯುವ ಗೇಣುದ್ದದ ರಬ್ಬರು ಕೊಳವೆ. ಗ್ರಾಹಕನು ಕೇಳುತ್ತಾನೆ, ವರ್ತಕನು ಸುರುಳಿಯಿಂದ ಒಂದು ತುಂಡು ಕತ್ತರಿಸಿ ಕೊಡುತ್ತಾನೆ, ಬಹುಪಾಲು ಸಂದರ್ಭಗಳಲ್ಲಿ ಬಿಲ್ಲೂ ಇರುವುದಿಲ್ಲ. ಬಿಸಿಯಾದ ಸಿಲಿಂಡರಿನಿಂದ ಕೆಲವೇ ಅಂಗುಲಗಳ ದೂರದಲ್ಲಿ, ಸವಾರನ ಮೊಣಕಾಲಿನ ಪಕ್ಕದಲ್ಲಿ ಈ ತುಂಡು ವರ್ಷಗಟ್ಟಲೆ ಪೆಟ್ರೋಲನ್ನು ಹೊತ್ತಿರಬೇಕಾಗುತ್ತದೆ. ಪೆಟ್ರೋಲಿನ ಆವಿಯು ಶೂನ್ಯಕ್ಕಿಂತ ಸುಮಾರು 40 ಡಿಗ್ರಿ ಸೆಲ್ಸಿಯಸ್ ಕೆಳಗಿನ ಉಷ್ಣತೆಯಲ್ಲಿಯೂ ಕಿಡಿ ತಗುಲಿದರೆ ಹೊತ್ತಿಕೊಳ್ಳಬಲ್ಲದು ಎಂಬುದನ್ನು ನೆನೆದರೆ ಈ ಸರಕಿನ ಮಹತ್ವವು ತಾನಾಗಿಯೇ ತಿಳಿಯುತ್ತದೆ.

ಹತ್ತು ಹದಿನೈದು ವರ್ಷಗಳ ಹಿಂದೆ ಸರಿಹೋಗುತ್ತಿದ್ದ ಕೊಳವೆಯು ಈಗೇಕೆ ಸರಿಹೋಗುತ್ತಿಲ್ಲ ಎಂಬ ಪ್ರಶ್ನೆಯನ್ನು ಮೆಕ್ಯಾನಿಕ್‌ಗಳು ಆಗಾಗ್ಗೆ ಕೇಳುವುದುಂಟು. ಇದಕ್ಕೆ ಉತ್ತರವು ಕೊಳವೆಗಿಂತ ಹೆಚ್ಚಾಗಿ ಅದರೊಳಗೆ ಹರಿಯುವ ಇಂಧನದಲ್ಲಿದೆ. ಪೆಟ್ರೋಲಿಗೆ ಶೇ. 5ರಷ್ಟು ಎಥನಾಲ್ ಬೆರೆಸುವ ಕಾರ್ಯಕ್ರಮವು ದೇಶದಲ್ಲಿ 2003ರ ಜನವರಿಯಿಂದ ಕೆಲವು ರಾಜ್ಯಗಳಲ್ಲಿ ಆರಂಭವಾಯಿತು. ಈ ಪ್ರಮಾಣವು 2022ರ ಜೂನ್ ವೇಳೆಗೆ ಶೇ. 10ನ್ನು ತಲುಪಿತು. ಶೇ. 20ರ ಮಿಶ್ರಣವಾದ ಇ20 ಇಂಧನವನ್ನು 2023ರ ಫೆಬ್ರವರಿ 6ರಂದು ಬೆಂಗಳೂರಿನಲ್ಲಿಯೇ ಬಿಡುಗಡೆ ಮಾಡಲಾಯಿತು. 2025ರಲ್ಲಿ ದೇಶಾದ್ಯಂತ ಶೇ. 20ರ ಗುರಿಯನ್ನು ಮುಟ್ಟಲಾಯಿತು. 2023ರ ಏಪ್ರಿಲ್‌ನಿಂದೀಚೆಗೆ ತಯಾರಾದ ವಾಹನಗಳಲ್ಲಿ ಈ ಇಂಧನಕ್ಕೆ ಹೊಂದುವ ರಬ್ಬರು ಮತ್ತು ಪ್ಲಾಸ್ಟಿಕ್ ಭಾಗಗಳಿವೆ. 1970ರ ದಶಕದ ವಾಹನವನ್ನು ರೂಪಿಸಿದವರಿಗೆ ಎಥನಾಲಿನ ಕಲ್ಪನೆಯೂ ಇರಲಿಲ್ಲ. ಕೆಲವು ಹಳೆಯ ವಾಹನಗಳಲ್ಲಿ ರಬ್ಬರು ಭಾಗಗಳನ್ನೂ ಗ್ಯಾಸ್ಕೆಟ್‌ಗಳನ್ನೂ ವಾಡಿಕೆಗಿಂತ ಮೊದಲೇ ಬದಲಿಸಬೇಕಾಗಬಹುದೆಂದು 2025ರ ಆಗಸ್ಟ್‌ನಲ್ಲಿ ಪೆಟ್ರೋಲಿಯಂ ಸಚಿವಾಲಯವೂ ತಿಳಿಸಿದೆ. ಇಂಧನ ನೀತಿಯ ಗುಣದೋಷಗಳ ಚರ್ಚೆ ಇಲ್ಲಿ ಅಪ್ರಸ್ತುತ. ಬಂಕಿನಲ್ಲಿ ಸಿಗುವ ಪೆಟ್ರೋಲು ಯಾವುದೋ ಅದಕ್ಕೆ ತಕ್ಕ ಕೊಳವೆಯನ್ನು ಕೊಡುವುದಷ್ಟೇ ವರ್ತಕನ ಕೆಲಸ.

ಎಥನಾಲ್ ಮಿಶ್ರಣವು ರಬ್ಬರಿನ ಮೇಲೆ ಎರಡು ಬಗೆಯಲ್ಲಿ ಕೆಲಸ ಮಾಡುತ್ತದೆ. ಒಂದನೆಯದು ಉಬ್ಬುವಿಕೆ. ಹಳೆಯ ಕೊಳವೆಗಳಲ್ಲಿ ಬಳಕೆಯಲ್ಲಿದ್ದ ನೈಟ್ರೈಲ್ ರಬ್ಬರು ಶುದ್ಧ ಪೆಟ್ರೋಲಿನಲ್ಲಿಯೂ ಸ್ವಲ್ಪ ಉಬ್ಬುತ್ತದೆ, ಶುದ್ಧ ಎಥನಾಲಿನಲ್ಲಿಯೂ ಸ್ವಲ್ಪ ಉಬ್ಬುತ್ತದೆ; ಆದರೆ ಎರಡೂ ಬೆರೆತಾಗ, ಅದರಲ್ಲಿಯೂ ಎಥನಾಲ್ ಕಡಿಮೆ ಪ್ರಮಾಣದಲ್ಲಿರುವ ಇಂದಿನಂತಹ ಮಿಶ್ರಣದಲ್ಲಿ, ಅವೆರಡಕ್ಕಿಂತಲೂ ಹೆಚ್ಚಾಗಿ ಉಬ್ಬುತ್ತದೆ. ಎರಡನೆಯದು ಸೆಳೆಯುವಿಕೆ. ರಬ್ಬರು ಮೆತ್ತಗಿರಲೆಂದು ತಯಾರಿಕೆಯಲ್ಲಿ ಸೇರಿಸಿದ ಎಣ್ಣೆಯಂತಹ ಪದಾರ್ಥಗಳನ್ನು ಇಂಧನವು ನಿಧಾನವಾಗಿ ತೊಳೆದು ಒಯ್ಯುತ್ತದೆ. ಕೊಳವೆಯು ಪೆಟ್ರೋಲಿನಲ್ಲಿ ನೆನೆದಿರುವವರೆಗೆ ಇದು ಕಣ್ಣಿಗೆ ಬೀಳದು. ಕಾಕ್ ಮುಚ್ಚಿ, ಕವರು ಹೊದಿಸಿ, ಮೂರು ನಾಲ್ಕು ತಿಂಗಳು ಬೈಕನ್ನು ನಿಲ್ಲಿಸಿದಾಗ ಕೊಳವೆಯೊಳಗಿನ ಪೆಟ್ರೋಲು ಆವಿಯಾಗುತ್ತದೆ. ಎಣ್ಣೆಯಂಶವನ್ನು ಕಳೆದುಕೊಂಡ ರಬ್ಬರು ಆಗ ಒಣಗಿ ಕುಗ್ಗಿ ಗಡುಸಾಗುತ್ತದೆ, ತುದಿಗಳಲ್ಲಿ ಬಿರುಕು ಬಿಡುತ್ತದೆ. ನಿತ್ಯ ಓಡುವ ಬೈಕಿಗಿಂತ ಪ್ರೀತಿಯಿಂದ ಕಾಪಿಟ್ಟ ಬೈಕಿನ ಕೊಳವೆಯೇ ಮೊದಲು ಸೋರುವುದು ಈ ಕಾರಣದಿಂದ. ಯುಗಾದಿಗೋ ಆಯುಧಪೂಜೆಗೋ ಹೊರತೆಗೆದ ಬೈಕಿನ ಕಾಕ್ ತಿರುಗಿಸಿದೊಡನೆ ಪೆಟ್ರೋಲು ತೊಟ್ಟಿಕ್ಕುವುದು ಎಲ್ಲ ಗ್ಯಾರೇಜುಗಳಿಗೂ ಪರಿಚಿತವಾದ ದೂರು.

ಒತ್ತಡವಲ್ಲ, ಒಳಪದರ ಮುಖ್ಯ

ಕೊಳವೆಯನ್ನು ಮಾರುವಾಗ ಅನೇಕರು ಒತ್ತಡ ತಾಳಿಕೆಯನ್ನೇ ದೊಡ್ಡ ಗುಣವೆಂದು ಹೇಳುವುದುಂಟು. ಹಳೆಯ ಮೋಟಾರು ಸೈಕಲ್ಲಿನಲ್ಲಿ ಪಂಪು ಇಲ್ಲ. ಪೆಟ್ರೋಲು ತನ್ನ ಭಾರದಿಂದಲೇ ಕೆಳಗಿಳಿಯುತ್ತದೆ. ಟ್ಯಾಂಕಿನಲ್ಲಿ ಪೆಟ್ರೋಲಿನ ಮಟ್ಟವು ಕಾರ್ಬ್ಯುರೇಟರಿಗಿಂತ 40 ಸೆಂಟಿಮೀಟರ್ ಎತ್ತರದಲ್ಲಿದೆ ಎಂದು ಭಾವಿಸಿದರೂ ಕೊಳವೆಯೊಳಗಿನ ಒತ್ತಡವು ಸುಮಾರು 0.03 ಬಾರ್ ಮಾತ್ರ. ಅದೇ ಬೈಕಿನ ಟೈರಿನ ಗಾಳಿಯ ಒತ್ತಡ ಸುಮಾರು 2 ಬಾರ್. ಆದುದರಿಂದ ಒಡೆದುಹೋಗುವ ಭಯವು ಇಲ್ಲಿ ಬಹುಮಟ್ಟಿಗೆ ಕಾಲ್ಪನಿಕ. ಇಲ್ಲಿ ಗಮನಿಸಬೇಕಾದುದು ಒಳಪದರವು ಯಾವ ವಸ್ತುವಿನದು, ಹೊರಪದರವು ಬಿಸಿಲು ಗಾಳಿಗಳಿಗೆ ತಾಳುತ್ತದೆಯೇ, ತುದಿಗಳು ಬಿಗಿಯಾಗಿ ಕೂರುತ್ತವೆಯೇ ಎಂಬುದು.

ಮಾರುಕಟ್ಟೆಯಲ್ಲಿ ಸಿಗುವ ವಸ್ತುಗಳ ಪೈಕಿ ಕೆಲವನ್ನು ಆರಂಭದಲ್ಲಿಯೇ ಬದಿಗಿಡಬಹುದು. ನೈಸರ್ಗಿಕ ರಬ್ಬರು ಪೆಟ್ರೋಲಿನಲ್ಲಿ ವಿಪರೀತವಾಗಿ ಉಬ್ಬುತ್ತದೆ. ರೇಡಿಯೇಟರಿನ ನೀರಿಗೂ ಬ್ರೇಕ್ ದ್ರವಕ್ಕೂ ಅತ್ಯುತ್ತಮವಾದ ಇ.ಪಿ.ಡಿ.ಎಂ. ರಬ್ಬರು ಪೆಟ್ರೋಲಿಗೆ ತೀರಾ ಅಯೋಗ್ಯ. ಕಪ್ಪಗೆ, ದಪ್ಪಗೆ, ಗಟ್ಟಿಮುಟ್ಟಾಗಿ ಕಾಣುವ ಕಾರಣ ಅದನ್ನೇ ಪೆಟ್ರೋಲ್ ಹೋಸ್ ಎಂದು ತಪ್ಪು ತಿಳಿಯುವ ಸಂಭವವಿದೆ. ಬಣ್ಣಬಣ್ಣದ ಸಾಮಾನ್ಯ ಸಿಲಿಕೋನ್ ಕೊಳವೆಗಳು ಶಾಖಕ್ಕೆ ತಾಳುತ್ತವೆಯೇ ಹೊರತು ಪೆಟ್ರೋಲಿಗಲ್ಲ. ಪಾರದರ್ಶಕ ಪಿ.ವಿ.ಸಿ. ಕೊಳವೆಯ ಬಗ್ಗೆ ಒಂದು ಮಾತನ್ನು ಹೆಚ್ಚಾಗಿ ಹೇಳಬೇಕು. ಒಳಗೆ ಪೆಟ್ರೋಲು ಹರಿಯುವುದು ಕಾಣುತ್ತದೆ ಎಂಬುದು ಅದರ ಆಕರ್ಷಣೆ. ವಾಸ್ತವವಾಗಿ ಅದೊಂದೇ ಅದರ ಗುಣ. ಕೆಲವೇ ತಿಂಗಳುಗಳಲ್ಲಿ ಅದು ಹಳದಿಗಟ್ಟಿ, ಬಳಪದ ಕಡ್ಡಿಯಂತೆ ಗಡುಸಾಗಿ, ತುದಿಯಲ್ಲಿ ಸಡಿಲವಾಗುತ್ತದೆ. ಬಿಸಿಯ ಸಿಲಿಂಡರಿಗೆ ತಾಗಿದರೆ ಮೆತ್ತಗಾಗಿ ಮಡಿಚಿಕೊಳ್ಳುತ್ತದೆ. ಐದು ನಿಮಿಷದ ತಪಾಸಣೆಗೆ ಅದನ್ನು ಬಳಸಬಹುದು, ಬೈಕಿನಲ್ಲಿ ಬಿಡಬಾರದು.

ಉಳಿಯುವುದು ಎರಡು: ನೈಟ್ರೈಲ್ ಮತ್ತು ಫ್ಲೋರೋ ರಬ್ಬರು. ನೈಟ್ರೈಲಿನಲ್ಲಿ ಅಕ್ರಿಲೋನೈಟ್ರೈಲ್ ಎಂಬ ಘಟಕದ ಪ್ರಮಾಣ ಹೆಚ್ಚಿದ್ದಷ್ಟೂ ಪೆಟ್ರೋಲಿಗೆ ತಾಳಿಕೆ ಹೆಚ್ಚು, ಬೆಲೆಯೂ ಹೆಚ್ಚು. ಕಣ್ಣಿಗೆ ಮಾತ್ರ ಎಲ್ಲವೂ ಒಂದೇ ಕಪ್ಪು. ಅಲ್ಲದೆ ನೈಟ್ರೈಲಿಗೆ ಗಾಳಿಯಲ್ಲಿನ ಓಝೋನ್ ಆಗಿಬರದು. ಆದುದರಿಂದ ಒಳ್ಳೆಯ ತಯಾರಕರು ಒಳಗೆ ನೈಟ್ರೈಲ್, ನಡುವೆ ನೂಲಿನ ಹೆಣಿಗೆ, ಹೊರಗೆ ಬೇರೊಂದು ರಬ್ಬರಿನ ಹೊದಿಕೆ ಎಂದು ಮೂರು ಪದರಗಳಲ್ಲಿ ಕೊಳವೆಯನ್ನು ಕಟ್ಟುತ್ತಾರೆ. ತುಂಡಿನ ಕತ್ತರಿಸಿದ ಮುಖವನ್ನು ನೋಡಿದರೆ ಈ ಪದರಗಳು ಕಾಣಬೇಕು. ಒಂದೇ ಪದರದ ಕಪ್ಪು ರಬ್ಬರಾಗಿದ್ದರೆ ಸಂಶಯಪಡುವುದು ಒಳಿತು. ಫ್ಲೋರೋ ರಬ್ಬರು, ಅಂದರೆ ವೈಟಾನ್ ಎಂಬ ವ್ಯಾಪಾರನಾಮದಿಂದ ಹೆಚ್ಚು ಪರಿಚಿತವಾದ ಎಫ್.ಕೆ.ಎಂ., ಎಥನಾಲ್ ಬೆರೆತ ಪೆಟ್ರೋಲಿಗೆ ಇವೆಲ್ಲಕ್ಕಿಂತ ಚೆನ್ನಾಗಿ ತಾಳುತ್ತದೆ. ಇಡೀ ಕೊಳವೆಯನ್ನು ಅದರಿಂದಲೇ ಮಾಡಿದರೆ ಬೆಲೆ ನಿಲುಕದು. ಆದ್ದರಿಂದ ತೆಳುವಾದ ಒಳಪದರವನ್ನು ಮಾತ್ರ ಅದರಿಂದ ಮಾಡುವುದು ರೂಢಿ.

ಕೊಳವೆಯ ಮೈಮೇಲಿನ ಬರಹ

ವಿಶ್ವಾಸಾರ್ಹ ಕೊಳವೆಯ ಮೈಮೇಲೆ ಉದ್ದಕ್ಕೂ ಮುದ್ರಣವಿರುತ್ತದೆ: ತಯಾರಕನ ಹೆಸರು ಅಥವಾ ಗುರುತು, ಒಳವ್ಯಾಸ, ಮಾನಕ, ತಯಾರಿಕೆಯ ದಿನಾಂಕ ಅಥವಾ ಬ್ಯಾಚಿನ ಸಂಕೇತ. ಅಮೆರಿಕದ ಎಸ್.ಎ.ಇ. ಸಂಸ್ಥೆಯ ಜೆ30 ಮಾನಕವು ಹೆಚ್ಚು ಪ್ರಚಾರದಲ್ಲಿದೆ. ಅದರಲ್ಲಿ 30ಆರ್7 ಎಂದರೆ ಕಾರ್ಬ್ಯುರೇಟರ್ ವಾಹನಗಳ ಕಡಿಮೆ ಒತ್ತಡಕ್ಕೆ, ಸಾಮಾನ್ಯವಾಗಿ ನೈಟ್ರೈಲ್ ಒಳಪದರದ ಕೊಳವೆ. 30ಆರ್9 ಎಂದರೆ ಇಂಜೆಕ್ಷನ್ ವಾಹನಗಳಿಗಾಗಿ ರೂಪಿಸಿದ, ಫ್ಲೋರೋ ಒಳಪದರದ ಕೊಳವೆ. 30ಆರ್14 ಎಂಬುದು ಕಡಿಮೆ ಒತ್ತಡಕ್ಕೇ ಆದರೂ ಪೆಟ್ರೋಲಿನ ಆವಿಯು ಗೋಡೆಯ ಮೂಲಕ ಜಿನುಗದಂತೆ ತಡೆಯುವ ಪದರವುಳ್ಳದ್ದು. ಹಳೆಯ ಬೈಕಿಗೆ ಒತ್ತಡ, ಇಂಧನ ಎರಡರ ದೃಷ್ಟಿಯಿಂದಲೂ ಇದು ಹೊಂದುತ್ತದೆ. ಜರ್ಮನಿಯ ಡಿ.ಐ.ಎನ್. 73379 ಮಾನಕದಲ್ಲಿ ಹತ್ತಿಯ ಹೆಣಿಗೆಯ ಹೊದಿಕೆಯುಳ್ಳ ಕೊಳವೆಗಳೂ ಇವೆ. ಯುರೋಪಿನ ಹಳೆಯ ಬೈಕುಗಳ ಮೂಲ ರೂಪಕ್ಕೆ ಅವು ಒಪ್ಪುವುದರಿಂದ ಬೇಡಿಕೆಯಿದೆ. ಆದರೆ ಹೆಣಿಗೆಯು ಒಳಗಿನ ಬಿರುಕನ್ನು ಮುಚ್ಚಿಡುತ್ತದೆ. ಬಟ್ಟೆ ಒದ್ದೆಯಾದ ಮೇಲಷ್ಟೇ ಸೋರಿಕೆ ತಿಳಿಯುವುದು. ಅಂತಹ ಕೊಳವೆಯನ್ನು ಮಾನಕದ ಗುರುತಿಲ್ಲದೆ ಕೊಳ್ಳಲೇಬಾರದು.

ಮೂಲ ರೂಪವನ್ನು ಕೆಡಿಸಬಾರದೆಂಬ ಗ್ರಾಹಕರ ಕಾಳಜಿಗೂ ಇಲ್ಲಿ ಉತ್ತರ ಹೇಳಬೇಕು. ಕೇಂದ್ರ ಸರ್ಕಾರವು 2021ರ ಜುಲೈನಲ್ಲಿ ಹೊರಡಿಸಿದ ನಿಯಮಗಳ ಪ್ರಕಾರ ಮೊದಲ ನೋಂದಣಿಯಿಂದ 50 ವರ್ಷ ದಾಟಿದ, ಮೂಲ ರೂಪದಲ್ಲಿರುವ ವಾಹನವನ್ನು ವಿಂಟೇಜ್ ಎಂದು ಪರಿಗಣಿಸಲಾಗುತ್ತದೆ. ಚಾಸಿಸ್, ಬಾಡಿ ಅಥವಾ ಎಂಜಿನ್‌ಗಳಲ್ಲಿ ಗಣನೀಯ ಮಾರ್ಪಾಡು ಆಗಿರಬಾರದೆಂಬುದು ಅಲ್ಲಿನ ಷರತ್ತು. ಪೆಟ್ರೋಲ್ ಹೋಸು ಟೈರು, ಬಲ್ಬುಗಳಂತೆ ಸವೆಯುವ ಭಾಗ. ಗೋದಾಮಿನ ಮೂಲೆಯಲ್ಲಿ ಸಿಕ್ಕ 30 ವರ್ಷ ಹಳೆಯ, ಬಳಸದ ಅಸಲಿ ಕೊಳವೆಗೆ ಹೆಚ್ಚಿನ ಬೆಲೆ ಕೊಡುವವರೂ ಇದ್ದಾರೆ. ಅದು ಪ್ರದರ್ಶನದ ಗಾಜಿನ ಪೆಟ್ಟಿಗೆಗೆ ಯೋಗ್ಯ, ರಸ್ತೆಗಲ್ಲ.

ಅಳತೆ, ಉದ್ದ, ಕ್ಲಿಪ್

ಒಳವ್ಯಾಸವನ್ನು ಹಳೆಯ ಕೊಳವೆಯಿಂದ ಅಳೆಯಬಾರದು. ಅದು ಉಬ್ಬಿರುತ್ತದೆ ಇಲ್ಲವೇ ಕುಗ್ಗಿರುತ್ತದೆ. ಕಾಕ್‌ನ ಮತ್ತು ಕಾರ್ಬ್ಯುರೇಟರಿನ ಮೂತಿಗಳನ್ನು ವರ್ನಿಯರ್‌ನಿಂದ ಅಳೆದು, ಅದಕ್ಕಿಂತ ಕೂದಲೆಳೆಯಷ್ಟು ಕಿರಿದಾದ ಕೊಳವೆಯನ್ನು ಆರಿಸಬೇಕು. 6 ಮಿಲಿಮೀಟರ್ ಮತ್ತು ಕಾಲು ಅಂಗುಲ ಒಂದೇ ಎಂದು ಭಾವಿಸುವುದು ಅಂಗಡಿಗಳ ರೂಢಿ. ಕಾಲು ಅಂಗುಲವೆಂದರೆ 6.35 ಮಿಲಿಮೀಟರ್. ಈ ಅಲ್ಪ ವ್ಯತ್ಯಾಸವೇ ಕೆಲವೊಮ್ಮೆ ತೊಟ್ಟಿಕ್ಕುವ ಕೊಳವೆಗೂ ತೊಟ್ಟಿಕ್ಕದ ಕೊಳವೆಗೂ ಇರುವ ಅಂತರ. ಸಡಿಲವನ್ನು ಕ್ಲಿಪ್ ಬಿಗಿದು ಸರಿಪಡಿಸುವ ಪ್ರಯತ್ನ ಬೇಡ. ತೂತುಗಳುಳ್ಳ ಪಟ್ಟಿಯ ದೊಡ್ಡ ಸ್ಕ್ರೂ ಕ್ಲಿಪ್ಪುಗಳು ಇಷ್ಟು ಸಣ್ಣ ಕೊಳವೆಯ ಮೈಯನ್ನು ಕೊರೆಯುತ್ತವೆ. ನುಣುಪು ಅಂಚಿನ ಚಿಕ್ಕ ಕ್ಲಿಪ್ ಅಥವಾ ಸ್ಪ್ರಿಂಗ್ ಕ್ಲಿಪ್ ಸಾಕು.

ಇಂಜೆಕ್ಷನ್ ಕೊಳವೆಯ ಗೋಡೆ ದಪ್ಪವಾಗಿರುವುದರಿಂದ ಅದು ಸುಲಭವಾಗಿ ಬಾಗುವುದಿಲ್ಲ. ಟ್ಯಾಂಕಿಗೂ ಕಾರ್ಬ್ಯುರೇಟರಿಗೂ ನಡುವಿನ ಇಕ್ಕಟ್ಟಿನಲ್ಲಿ ಅದನ್ನು ಬಲವಂತವಾಗಿ ತಿರುಗಿಸಿದರೆ ಒಂದೋ ಮಡಿಕೆ ಬಿದ್ದು ಪೆಟ್ರೋಲು ನಿಲ್ಲುತ್ತದೆ, ಇಲ್ಲವೇ ಕಾರ್ಬ್ಯುರೇಟರಿನ ಹಳೆಯ ಮೂತಿಯ ಮೇಲೆ ಎಳೆತ ಬೀಳುತ್ತದೆ. ಮೂತಿ ಮುರಿದರೆ ಕಾರ್ಬ್ಯುರೇಟರನ್ನೇ ಹುಡುಕಬೇಕು. ಆದ್ದರಿಂದ ಅತಿ ದುಬಾರಿಯ ಕೊಳವೆಯೇ ಎಲ್ಲ ಬೈಕಿಗೂ ಸರಿಯೆನ್ನುವಂತಿಲ್ಲ. ದಾರಿ ನೇರವಾಗಿದ್ದರೆ 30ಆರ್9, ಬಾಗು ಹೆಚ್ಚಿದ್ದರೆ ತೆಳುಗೋಡೆಯ 30ಆರ್14, ಅದು ಸಿಗದಿದ್ದರೆ ಒಳ್ಳೆಯ 30ಆರ್7 ಬಳಸಿ ವರ್ಷಕ್ಕೊಮ್ಮೆ ಬದಲಿಸುವುದು, ಇದು ವ್ಯವಹಾರಕ್ಕೆ ಒಪ್ಪುವ ಕ್ರಮ.

ಖರ್ಚಿನ ದೃಷ್ಟಿಯಿಂದಲೂ ಇದನ್ನು ನೋಡಬಹುದು. ಲೆಕ್ಕದ ಅನುಕೂಲಕ್ಕಾಗಿ ಅಗ್ಗದ ತುಂಡಿಗೆ 40 ರೂ., ಫ್ಲೋರೋ ಒಳಪದರದ ತುಂಡಿಗೆ 400 ರೂ., ಪ್ರತಿ ಬಾರಿ ಬದಲಿಸುವ ಕೂಲಿ 100 ರೂ. ಎಂದು ಇಟ್ಟುಕೊಳ್ಳೋಣ. ಅಗ್ಗದ್ದನ್ನು ವರ್ಷಕ್ಕೊಮ್ಮೆ ಬದಲಿಸಿದರೆ ಐದು ವರ್ಷಕ್ಕೆ 700 ರೂ.; ಇನ್ನೊಂದನ್ನು ಐದು ವರ್ಷಕ್ಕೊಮ್ಮೆ ಬದಲಿಸಿದರೆ 500 ರೂ. ಗ್ರಾಹಕನಿಗೆ ಈ ಲೆಕ್ಕವನ್ನು ಬಾಯಿಮಾತಿನಲ್ಲಿ ಹೇಳಿದರೂ ಚೌಕಾಸಿ ಅರ್ಧಕ್ಕೆ ಇಳಿಯುತ್ತದೆ. ಬೈಕು ಸುಟ್ಟುಹೋಗುವ ನಷ್ಟವನ್ನು ಇಲ್ಲಿ ಸೇರಿಸಿಲ್ಲ.

ಅಂಗಡಿಯಲ್ಲಿಯೇ ಮಾಡಬಹುದಾದ ಪರೀಕ್ಷೆ

ಹೊಸ ಸುರುಳಿಯನ್ನು ಕೊಳ್ಳುವ ಮುನ್ನ ಮಾದರಿ ತುಂಡನ್ನು ತರಿಸಿಕೊಂಡು ಪರೀಕ್ಷಿಸುವುದಕ್ಕೆ ಪ್ರಯೋಗಾಲಯ ಬೇಕಿಲ್ಲ. ಹತ್ತು ಸೆಂಟಿಮೀಟರಿನ ತುಂಡನ್ನು ಚಿನ್ನ ತೂಗುವಂತಹ ಸೂಕ್ಷ್ಮ ತಕ್ಕಡಿಯಲ್ಲಿ ತೂಗಿ, ಒಳ ಹೊರ ವ್ಯಾಸಗಳನ್ನು ಬರೆದಿಟ್ಟು, ಲೋಹದ ಮುಚ್ಚಳದ ಗಾಜಿನ ಸೀಸೆಯಲ್ಲಿ ಬಂಕಿನ ಪೆಟ್ರೋಲಿನಲ್ಲಿ ಏಳು ದಿನ ಮುಳುಗಿಸಿಡಬೇಕು. ಜಾವಾ, ಯೆಜ್ಡಿಗಳಂತಹ ಎರಡು ಸ್ಟ್ರೋಕಿನ ಎಂಜಿನ್ನಿಗಾದರೆ ಅದೇ ಪೆಟ್ರೋಲಿಗೆ ಎಂದಿನ ಪ್ರಮಾಣದ ಎಣ್ಣೆಯನ್ನೂ ಬೆರೆಸಬೇಕು. ಸೀಸೆಯು ಗಾಳಿಯಾಡುವ, ಬೆಂಕಿ ವಿದ್ಯುತ್ ಸ್ವಿಚ್ಚುಗಳಿಂದ ದೂರವಾದ ನೆರಳಿನಲ್ಲಿರಲಿ. ಗಲ್ಲಾಪೆಟ್ಟಿಗೆಯ ಪಕ್ಕದಲ್ಲಿ ಬೇಡ, ಅಲ್ಲಿ ಊದುಬತ್ತಿ ಹಚ್ಚುವ ಪದ್ಧತಿಯಿದೆ.

ಏಳು ದಿನಗಳ ನಂತರ ಒರೆಸಿ ಕೂಡಲೇ ತೂಗಬೇಕು. ಉದಾಹರಣೆಗೆ, 12.00 ಗ್ರಾಂ ಇದ್ದ ತುಂಡು 13.80 ಗ್ರಾಂ ಆಗಿದ್ದರೆ ಹೀರಿಕೆ ಶೇ. 15. ಬಳಿಕ ಅದನ್ನು ಇನ್ನೊಂದು ವಾರ ಗಾಳಿಯಲ್ಲಿ ಒಣಗಲು ಬಿಟ್ಟು ಮತ್ತೆ ತೂಗಬೇಕು. ಈಗ ತೂಕ 11.40 ಗ್ರಾಂಗೆ ಇಳಿದಿದ್ದರೆ ಮೂಲ ತೂಕದ ಶೇ. 5ರಷ್ಟು ಪದಾರ್ಥವು ಪೆಟ್ರೋಲಿಗೆ ಹೋಗಿದೆ ಎಂದರ್ಥ. ಈ ಎರಡನೆಯ ಅಂಕಿಯೇ ಹೆಚ್ಚು ಮುಖ್ಯ. ನಿಲ್ಲಿಸಿಟ್ಟ ಬೈಕಿನಲ್ಲಿ ಕೊಳವೆಗೆ ಏನಾಗುವುದೋ ಅದನ್ನು ಇದು ಮೊದಲೇ ತೋರಿಸುತ್ತದೆ. ಎರಡು ಮೂರು ತಯಾರಕರ ಮಾದರಿಗಳನ್ನು ಒಂದೇ ದಿನ, ಒಂದೇ ಪೆಟ್ರೋಲಿನಲ್ಲಿ, ಬೇರೆ ಬೇರೆ ಸೀಸೆಗಳಲ್ಲಿಟ್ಟು ಹೋಲಿಸುವುದು ಸೂಕ್ತ. ಒಣಗಿದ ತುಂಡನ್ನು ಬೆರಳಿನ ಸುತ್ತ ಬಾಗಿಸಿದಾಗ ಬಿರುಕು ಕಂಡರೆ, ಪೆಟ್ರೋಲು ಕಪ್ಪಾಗಿದ್ದರೆ, ಒಳಪದರವು ಉಗುರಿಗೆ ಅಂಟುವಂತಿದ್ದರೆ ಅಥವಾ ಪದರಗಳು ಬಿಟ್ಟುಕೊಂಡಿದ್ದರೆ ಅಂಕಿಗಳನ್ನು ನೋಡುವ ಅಗತ್ಯವೇ ಇಲ್ಲ.

ಹೊಣೆ ಯಾರದು?

ವರ್ತಕರು ಸಾಮಾನ್ಯವಾಗಿ ಗಮನಿಸದ ಅಂಶವೊಂದು ಇಲ್ಲಿದೆ. 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯ 6ನೆಯ ಅಧ್ಯಾಯವು ಉತ್ಪನ್ನ ಹೊಣೆಗಾರಿಕೆಯನ್ನು ಕುರಿತದ್ದು. ಅದು 2020ರ ಜುಲೈ 20ರಿಂದ ಜಾರಿಯಲ್ಲಿದೆ. ದೋಷಪೂರಿತ ಸರಕಿನಿಂದ ಹಾನಿಯಾದರೆ ಮೊದಲ ಹೊಣೆ ತಯಾರಕನದು. ಆದರೆ ತಯಾರಕನಲ್ಲದ ಮಾರಾಟಗಾರನೂ ಕೆಲವು ಸಂದರ್ಭಗಳಲ್ಲಿ ಹೊಣೆಗಾರನಾಗುತ್ತಾನೆಂದು 86ನೆಯ ಪ್ರಕರಣವು ಹೇಳುತ್ತದೆ. ತಯಾರಕನು ಯಾರೆಂದೇ ತಿಳಿಯದಿರುವುದು ಅವುಗಳಲ್ಲಿ ಒಂದು. ತಯಾರಕನು ನೀಡದ ಭರವಸೆಯನ್ನು ಮಾರಾಟಗಾರನು ತಾನೇ ನೀಡಿರುವುದು ಇನ್ನೊಂದು. ತಯಾರಕನು ಕೊಟ್ಟ ಎಚ್ಚರಿಕೆ, ಸೂಚನೆಗಳನ್ನು ಗ್ರಾಹಕನಿಗೆ ದಾಟಿಸದಿರುವುದು ಮತ್ತೊಂದು.

ಹೆಸರಿಲ್ಲದ ಸುರುಳಿಯಿಂದ ಕತ್ತರಿಸಿದ ತುಂಡಿಗೆ ಈ ಮೂರನ್ನೂ ಅನ್ವಯಿಸಿ ನೋಡಬಹುದು. ತಯಾರಕನು ಯಾರೋ ತಿಳಿಯದು. ‘ಎಷ್ಟು ವರ್ಷ ಬೇಕಾದರೂ ಬರುತ್ತದೆ’ ಎಂಬ ಮಾತು ಕೌಂಟರಿನಲ್ಲಿಯೇ ಬಂದಿದೆ. ದಾಟಿಸಲು ಯಾವ ಸೂಚನೆಯೂ ಇಲ್ಲ. ಒಂದು ವೇಳೆ ಅನಾಹುತವಾದರೆ ಪರಿಹಾರದ ಬೇಡಿಕೆಯು ನಿಲ್ಲುವುದು ಆ ಅಂಗಡಿಯ ಬಾಗಿಲಿನಲ್ಲಿಯೇ. ನಲವತ್ತು ರೂಪಾಯಿಯ ವ್ಯಾಪಾರದಲ್ಲಿ ಹತ್ತೋ ಹದಿನೈದೋ ರೂಪಾಯಿ ಲಾಭಕ್ಕಾಗಿ ಇಷ್ಟು ದೊಡ್ಡ ಹೊಣೆಯನ್ನು ಹೊರುವುದು ಯಾವ ಲೆಕ್ಕಕ್ಕೂ ಹೊಂದದು. ಮುದ್ರಿತ ಗುರುತುಳ್ಳ ಸುರುಳಿಯನ್ನು ಬಿಲ್ಲಿನೊಂದಿಗೆ ಖರೀದಿಸಿ, ಮಾರಾಟದ ಬಿಲ್ಲಿನಲ್ಲಿ ತಯಾರಕನ ಹೆಸರು, ಮಾನಕ, ಬ್ಯಾಚ್ ಸಂಖ್ಯೆ, ಉದ್ದ ಇಷ್ಟನ್ನು ಬರೆದರೆ ಈ ಹೊಣೆಯ ಬಹುಭಾಗವು ಸೇರಬೇಕಾದಲ್ಲಿಗೆ ಸೇರುತ್ತದೆ. ಕತ್ತರಿಸುವಾಗ ಮುದ್ರಣವು ತುಂಡಿನ ಮೇಲೆ ಉಳಿಯುವಂತೆಯೂ ನೋಡಿಕೊಳ್ಳಬೇಕು. ಜಿ.ಎಸ್.ಟಿ. ವರ್ಗೀಕರಣದಲ್ಲಿ ವಲ್ಕನೀಕರಿಸಿದ ರಬ್ಬರಿನ ಕೊಳವೆಗಳು 4009ರ ಶೀರ್ಷಿಕೆಯಲ್ಲಿಯೂ ಪ್ಲಾಸ್ಟಿಕ್ ಕೊಳವೆಗಳು 3917ರಲ್ಲಿಯೂ ಬರುತ್ತವೆ; ಖರೀದಿ ಬಿಲ್ಲಿನಲ್ಲಿ 3917 ಎಂದಿರುವ ಸರಕನ್ನು ರಬ್ಬರು ಹೋಸ್ ಎಂದು ಮಾರುವುದು ತನ್ನ ವಿರುದ್ಧ ತಾನೇ ಸಾಕ್ಷ್ಯ ಬರೆದಿಟ್ಟಂತೆ.

ಸಣ್ಣ ತಯಾರಕರಿಗೆ ಸಂಬಂಧಿಸಿದ ಮಾತು ಸ್ವಲ್ಪ ಬೇರೆ. ದೊಡ್ಡ ತಯಾರಕರಿಂದ ಸುರುಳಿ ಕೊಂಡು, ಆಯಾ ಮಾದರಿಯ ಬೈಕಿಗೆ ತಕ್ಕ ಉದ್ದಕ್ಕೆ ಕತ್ತರಿಸಿ, ಎರಡು ಕ್ಲಿಪ್ಪುಗಳೊಂದಿಗೆ ಪ್ಯಾಕ್ ಮಾಡಿ ಮಾರುವುದು ಒಳ್ಳೆಯ ಉದ್ಯಮವೇ ಸರಿ, ಹಳೆಯ ಬೈಕುಗಳ ವ್ಯಾಪಾರದಲ್ಲಿ ಇದಕ್ಕೆ ಅವಕಾಶವೂ ಇದೆ. ಆದರೆ ಬೇರೊಬ್ಬರು ತಯಾರಿಸಿದ ಸರಕಿನ ಮೇಲೆ ತನ್ನ ಗುರುತನ್ನು ಹಾಕುವವನೂ ಕಾಯಿದೆಯ ದೃಷ್ಟಿಯಲ್ಲಿ ತಯಾರಕನೇ. ಪೊಟ್ಟಣದ ಮೇಲೆ 2011ರ ಪೊಟ್ಟಣ ಸರಕುಗಳ ಕಾನೂನು ಮಾಪನ ನಿಯಮಗಳಂತೆ ಹೆಸರು ವಿಳಾಸ, ಪ್ರಮಾಣ, ತಿಂಗಳು ವರ್ಷ, ಗರಿಷ್ಠ ಮಾರಾಟ ಬೆಲೆ, ದೂರು ಸಂಪರ್ಕ ಇವೆಲ್ಲ ಇರಬೇಕು. ಇದರ ಜೊತೆಗೆ ‘ಇಂತಿಷ್ಟು ವರ್ಷಕ್ಕೊಮ್ಮೆ ಬದಲಿಸಿ’ ಎಂಬ ಒಂದು ಸಾಲನ್ನು ಕನ್ನಡದಲ್ಲಿ ಮುದ್ರಿಸುವುದಕ್ಕೆ ತಗಲುವ ಖರ್ಚು ಏನೂ ಇಲ್ಲ.

ದಾಸ್ತಾನು

ರಬ್ಬರಿಗೆ ಕಪಾಟಿನಲ್ಲಿಯೂ ವಯಸ್ಸಾಗುತ್ತದೆ. ರಬ್ಬರು ಸರಕುಗಳ ಶೇಖರಣೆಯನ್ನು ಕುರಿತ ಐ.ಎಸ್.ಓ. 2230 ಮಾನಕವು ಸರಿಯಾಗಿ ಇರಿಸಿದ ಸರಕಿಗೆ ಆರಂಭಿಕ ಅವಧಿಯನ್ನು ನೈಸರ್ಗಿಕ ರಬ್ಬರಿಗೆ 5 ವರ್ಷ, ನೈಟ್ರೈಲಿಗೆ 7 ವರ್ಷ, ಫ್ಲೋರೋ ರಬ್ಬರಿಗೆ 10 ವರ್ಷ ಎಂದು ಗುಂಪು ಮಾಡುತ್ತದೆ. ಸರಿಯಾಗಿ ಎಂದರೆ ಬಿಸಿಲು ತಾಗದ, ತಂಪಾದ, ವೆಲ್ಡಿಂಗ್ ಯಂತ್ರ ಮತ್ತು ವಿದ್ಯುತ್ ಮೋಟಾರುಗಳಿಂದ ದೂರವಾದ ಜಾಗದಲ್ಲಿ, ಮೊಳೆಗೆ ನೇತುಹಾಕದೆ. ಅಂಗಡಿಯ ಮುಂಬಾಗಿಲಿನಲ್ಲಿ ತೋರಣದಂತೆ ತೂಗುಬಿಟ್ಟ ಸುರುಳಿಗಳಿಗೆ ಈ ಅವಧಿಗಳು ಅನ್ವಯಿಸುವುದಿಲ್ಲ. ಅವಧಿಯನ್ನು ಎಣಿಸಬೇಕಾದುದು ಖರೀದಿ ಬಿಲ್ಲಿನ ದಿನಾಂಕದಿಂದಲ್ಲ, ಕೊಳವೆಯ ಮೇಲಿನ ತಯಾರಿಕೆಯ ದಿನಾಂಕದಿಂದ.

ಮಾರ್ಚ್ 31ರ ದಾಸ್ತಾನು ಪಟ್ಟಿಯಲ್ಲಿ ಇಂತಹ ಸುರುಳಿಗಳು ವರ್ಷದಿಂದ ವರ್ಷಕ್ಕೆ ಕೊಂಡ ಬೆಲೆಯಲ್ಲಿಯೇ ಮುಂದುವರಿಯುವುದುಂಟು. ಲೆಕ್ಕಪತ್ರ ಮಾನಕ 2ರ ಪ್ರಕಾರ ದಾಸ್ತಾನನ್ನು ಕೊಂಡ ಬೆಲೆ ಮತ್ತು ಮಾರಿದರೆ ಬರುವ ನಿವ್ವಳ ಮೌಲ್ಯ, ಇವೆರಡರಲ್ಲಿ ಕಡಿಮೆಯಾದುದಕ್ಕೆ ತೋರಿಸಬೇಕು. ಅವಧಿ ಮೀರಿದ ಸುರುಳಿಯನ್ನು ಪೆಟ್ರೋಲಿಗೆಂದು ಮಾರುವಂತಿಲ್ಲವಾದ್ದರಿಂದ, ಅದನ್ನು ಬೇರೆ ಯಾವುದಾದರೂ ಕೆಲಸಕ್ಕೆ ಕೊಂಡರೆ ಎಷ್ಟು ಬರುವುದೋ ಅಷ್ಟೇ ಅದರ ಮೌಲ್ಯ. ಉಳಿದ ಮೊತ್ತವನ್ನು ಅದೇ ವರ್ಷದ ನಷ್ಟಕ್ಕೆ ಹಾಕಿ, ಸುರುಳಿಗೆ ‘ಪೆಟ್ರೋಲಿಗಲ್ಲ’ ಎಂಬ ಚೀಟಿ ಕಟ್ಟಿ, ಹೊಸ ಸುರುಳಿಗಳಿಂದ ಬೇರೆಯಾಗಿ ಇಡಬೇಕು.